ಅತ್ತಿಗೆ ಮತ್ತು ಅಣ್ಣನ ತಗಡು ಕಂಠ

ನಮ್ಮ ಅತ್ತಿಗೆ ಯಾರ ಮಾತನ್ನೂ ನಡುವೆ ಕತ್ತರಿಸಿದವರಲ್ಲ. ಎದುರಿನವರು ವಾಕ್ಯ ಮುಗಿಸಿ, ಉಸಿರೆಳೆದುಕೊಂಡು, ಇನ್ನೇನೂ ಉಳಿದಿಲ್ಲವೆಂದು ಮುಖದಲ್ಲೇ ಸಾರಿದ ಮೇಲೆ, ಕನ್ನಡಕವನ್ನು ಹಣೆಗೇರಿಸಿ, "ಹ್ಞೂಂ, ಈಗ ಹೇಳ್ತೀನಿ" ಎನ್ನುವರು. ಪರರ ವಾಕ್ಯವನ್ನು ಅವರಿಗಿಂತ ಮೊದಲೇ ಮುಗಿಸಿಕೊಡುವುದನ್ನು ಪರೋಪಕಾರವೆಂದೇ ನಂಬಿರುವ ನನ್ನಂಥ ಮೈದುನನಿಗೆ ಆ ಮೌನವೊಂದು ಘೋರ ಶಿಕ್ಷೆ.

ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅಣ್ಣನ ದನಿ ಹೋದಾಗ, ಕಂಪ್ಯೂಟರ್ ದುರಸ್ತಿಯಲ್ಲೇ ಆಯುಷ್ಯ ಸವೆಸಿದ್ದ ಅತ್ತಿಗೆ, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ನುಡಿಯುವ ಕಾರ್ಡೊಂದನ್ನು ಮನೆಯ ಕಂಪ್ಯೂಟರಿನೊಳಗೆ ಕೂರಿಸಿಕೊಟ್ಟಿದ್ದರು. ಡಬ್ಬಿಯೊಳಗಿಂದ ಬಂದಂಥ ಆ ತಗಡು ಕಂಠದಲ್ಲೇ ಅಣ್ಣ ವರ್ಷಗಟ್ಟಲೆ ನಮ್ಮನ್ನು ಗದರಿದ, ಮಗಳ ಮದುವೆಯ ಮಾತಾಡಿದ, ಹೆಂಡತಿಯನ್ನು ರೇಗಿಸಿದ. ಹಳೆಯ ಕಂಪ್ಯೂಟರ್ ಕಣ್ಣುಮುಚ್ಚಿ, ಅದೇ ಕಾರ್ಡು ವೇಗದ ಹೊಸ ಯಂತ್ರಕ್ಕೆ ಬಂದದ್ದೇ ತಡ, ಅಕ್ಷರಗಳು ಉದುರತೊಡಗಿದವು. "ಕಿಟಕಿ ತೆಗೆ" ಎಂದರೆ "ಕಿ... ಗೆ" ಎಂದಷ್ಟೇ ಕೇಳುತ್ತಿತ್ತು.

"ಎಸೀರಿ ಅತ್ತಿಗೆ ಅದನ್ನ. ಈಗ ಬೆಣ್ಣೆಯಂಥ ದನಿಗಳು ಬಂದಿವೆ" ಎಂದೆ.

ಅಣ್ಣ ಸ್ಲೇಟಿನಲ್ಲಿ ಬರೆದು ತೋರಿಸಿದ: "ಅವು ಯಾರದ್ದೋ. ಇದು ನಂದು."

ಅತ್ತಿಗೆ ತಮ್ಮ ಬೂದು ಕೋಟು ತೊಟ್ಟರು. ಅದರ ಜೇಬಿನಲ್ಲಿ ತಿರುಪು, ಇಕ್ಕಳ, ರಬ್ಬರು, ಅರ್ಧ ತಿಂದ ಬಿಸ್ಕತ್ತು ಅನ್ಯೋನ್ಯವಾಗಿ ಸಂಸಾರ ಮಾಡಿಕೊಂಡಿದ್ದವು. ಕಾರ್ಡಿನಂಚಿನ ಲೋಹದ ಹಲ್ಲುಗಳಿಗೆ ಕೊಳೆ ಹಿಡಿದಿದೆಯೆಂದು ರಬ್ಬರಿನಿಂದ ತಿಕ್ಕಿದರು, ಊಹೆ ತಪ್ಪಿತು. ಕೂರಿಸುವ ಜಾಗ ಬದಲಿಸಿದರು, ಅದೂ ತಪ್ಪಿತು. ಅಣ್ಣ ಕೀಬೋರ್ಡನ್ನು ದೂರ ತಳ್ಳಿ ಗೋಡೆಯ ಕಡೆ ತಿರುಗಿ ಕೂತ. ಅತ್ತಿಗೆ ಕಾರ್ಡನ್ನು ಬಿಟ್ಟು ಮತ್ತೆ ಮತ್ತೆ ಅವನ ಬೆನ್ನನ್ನೇ ನೋಡುತ್ತಿದ್ದರು; ಮೌನವೆಂದರೆ ಅವರಿಗೂ ಹೆದರಿಕೆಯಾಗುತ್ತದೆಂದು ಅವತ್ತು ನನಗೆ ತಿಳಿಯಿತು.

ಮರುದಿನ ಚಹಾದ ಹೊತ್ತಿಗೆ ಅವನು ಸ್ಲೇಟಿನಲ್ಲಿ "ನನಗೆ" ಎಂದು ಬರೆಯುತ್ತಿದ್ದಂತೆಯೇ ನಾನು "ಸಕ್ಕರೆ ತಾನೆ?" ಎಂದು ಚಮಚಗಟ್ಟಲೆ ಸುರಿದೆ. ಅವನು ಬರೆಯಹೊರಟದ್ದು "ನನಗೆ ಸೆಖೆ" ಎಂದು. ಮೇಜು ಗುದ್ದಿದ. ಅತ್ತಿಗೆ ನನ್ನನ್ನೇ ದಿಟ್ಟಿಸಿದರು, ಕನ್ನಡಕ ಹಣೆಗೇರಿತು.

"ಅಯ್ಯೋ, ಈ ಹೊಸ ಮೆಷೀನೂ ನಿನ್ನ ಹಾಗೇ ಕಣೋ! ಪಾಪ, ಕಾರ್ಡು ಒಂದಕ್ಷರ ಜಗಿದು ಮುಗಿಸೋದ್ರೊಳಗೆ ಇನ್ನೊಂದು ರಾಶಿ ತುರುಕುತ್ತೆ. ಹಳೇದು ಸೋಮಾರಿ, ಅದಕ್ಕೇ ಹೊಂದಿಕೊಂಡು ಹೋಗ್ತಿತ್ತು."

ಯಂತ್ರದ ವೇಗ ತಗ್ಗಿಸಿ ನೋಡಿದರು. ಉದುರಿದ ಅಕ್ಷರಗಳೆಲ್ಲ ಮರಳಿ ಬಂದವು. ರೋಗ ಖಚಿತವಾದ ಮೇಲೆ ವೇಗವನ್ನು ಮೊದಲಿನಂತೆಯೇ ಬಿಟ್ಟು, ಕಾರ್ಡು "ಆಯಿತು" ಎಂದು ಸೂಚನೆ ಕೊಡುವವರೆಗೆ ಮುಂದಿನ ಅಕ್ಷರ ಕಳಿಸದಂತೆ, ಮಾತಾಡಿಸುವ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದರು.

ಅಣ್ಣ ಅನುಮಾನದಿಂದಲೇ ಕೀಬೋರ್ಡು ಎಳೆದುಕೊಂಡ. ನನ್ನ ನಾಲಿಗೆ ತುರಿಸಿತು; ಅತ್ತಿಗೆ ನನ್ನ ಕೈ ಅದುಮಿ ಹಿಡಿದರು. ತಗಡು ಕಂಠ ಒಂದಕ್ಷರವನ್ನೂ ಬಿಡದೆ ನುಡಿಯಿತು: "ಆ ನಾಲ್ಕು ಸಾಲು ಮೊದಲು ಇವನ ತಲೆಗೆ ಹಾಕೇ."

ಅತ್ತಿಗೆ ನಗುತ್ತ ನಗುತ್ತ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ನಿಧಾನವಾದದ್ದನ್ನೆಲ್ಲ ಕೆಟ್ಟಿತೆಂದು ಎಸೆಯುವ ನಮ್ಮಂಥ ಅವಸರದವರ ನಡುವೆ, ಅವಸರಕ್ಕೇ ಕಾಯುವುದನ್ನು ಕಲಿಸುವವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರು ಏನಾದರೂ ಮಾಡಿದರೆಂದು ಮೇಲುನೋಟಕ್ಕೆ ಕಾಣುವುದೂ ಇಲ್ಲ; ನಿಂತುಹೋಗಿದ್ದ ಜಗಳ ಮನೆಯೊಳಗೆ ಮತ್ತೆ ಕೇಳತೊಡಗಿದಾಗಲೇ ಗೊತ್ತಾಗುವುದು.