ಲೈನ್ ಹೋಗಿರಲಿಲ್ಲ!

ಜೋಳದ ರಾಶಿ ನಡೆಯುವಾಗ ಕಣ್ಣಿಗೆ ರವದಿ, ಒಣಗಿದ ಗರಿಯ ಚೂರು, ಬಡಿಯುವುದು ನಮ್ಮ ಕಡೆ ಹೊಸದಲ್ಲ. ಸೆರಗಿನ ತುದಿಯಿಂದ ಒರೆಸಿಕೊಂಡು ಮತ್ತೆ ಕೆಲಸಕ್ಕೆ ನಿಲ್ಲುತ್ತೇವೆ. 2007ರ ಬೇಸಿಗೆಯಲ್ಲಿ, ಮುರಗೋಡದ ಆಚೆಗಿನ ಒಂದು ಹಳ್ಳಿಯಲ್ಲಿ ದೇವಕ್ಕನೂ ಹಾಗೇ ಮಾಡಿದಳು. ಸಂಜೆಯ ಹೊತ್ತಿಗೆ ಅವಳ ಎಡಗಣ್ಣು ಕೆಂಡವಾಗಿತ್ತು. ಚಿಮಣಿಯ ಬೆಳಕನ್ನೂ ನೋಡಲಾಗುತ್ತಿರಲಿಲ್ಲ.

ಪಕ್ಕದ ಮನೆಯ ರಹಿಮಾನಸಾಬರ ಮಗಳು ಶಾಹಿಸ್ತಾ ಓಡಿ ಬಂದಳು. ಪಿಯುಸಿ ಮುಗಿಸಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಹುಡುಗಿ.

"ಯಕ್ಕಾ, ಎಣ್ಣಿ ಗಿಣ್ಣಿ ಏನೂ ಹಾಕಬ್ಯಾಡ್ರಿ. ಜಟ್ಟೆಪ್ಪನವರ ಮನ್ಯಾಗ ಇಂಟರ್ನೆಟ್ ಕೂಡಿಸ್ಯಾರಲ್ಲ, ಅಲ್ಲಿ ಕ್ಯಾಮರಾದ ಮುಂದ ಕುಂತ್ರ ಬೈಲಹೊಂಗಲದ ಕಣ್ಣಿನ ಡಾಕ್ಟರು ನೋಡತಾರ. ಈಗಿಂದೀಗ ಏನ್ ಮಾಡಬೇಕಂತ ಹೇಳತಾರ."

ದೇವಕ್ಕನ ಗಂಡ ನಿಜಗುಣಪ್ಪ ನಕ್ಕುಬಿಟ್ಟ. "ಡಬ್ಬಿಯೊಳಗಿನ ಡಾಕ್ಟರು ಏನ್ ನೋಡ್ತಾನ ಯವ್ವಾ? ಅದೆಲ್ಲಾ ಓದಿದವರ ಆಟ."

ಆಟವಾಗಿರಲಿಲ್ಲ ಅದು. ಬಡ ದೇಶಗಳ ಹಳ್ಳಿಗಳಿಗೆ ಲಾಭದ ಆಸೆಯಿಲ್ಲದೆ ಇಂಟರ್ನೆಟ್ ಜಾಲ ಕಟ್ಟಿಕೊಡುವ ಒಂದು ಸಂಸ್ಥೆ ಹಿಂದಿನ ವರ್ಷ ಆ ಊರಿಗೆ ಬಂದಿತ್ತು. ಬೈಲಹೊಂಗಲದ ಕಣ್ಣಿನ ದವಾಖಾನೆಯ ಮೇಲೆ ಒಂದು ಕಂಬ, ಊರಿನಲ್ಲಿ ಒಂದು ಕಂಬ. ಎರಡರ ತಲೆಯ ಮೇಲೂ ಬುಟ್ಟಿಯಂಥ ಆಂಟೆನಾ. ನಡುವೆ ಗಿಡ, ಗುಡ್ಡ ಅಡ್ಡ ಬರದೆ ಒಂದಕ್ಕೊಂದು ಮುಖ ಮಾಡಿ ನಿಂತರೆ ಸಾಕು, ತಂತಿಯೇ ಬೇಡ. ಊರಿನಲ್ಲಿ ಎತ್ತರದ ಮನೆ ಪಂಚಾಯಿತಿ ಸದಸ್ಯ ಜಟ್ಟೆಪ್ಪನದು. ಅವನ ಮಾಳಿಗೆಯ ಮೇಲೆ ಕಂಬ ನಿಂತಿತು, ಪಡಸಾಲೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಕುಳಿತಿತು. "ಈ ಕೋಣೆ ಇಡೀ ಊರಿಂದು" ಎಂದು ಜಟ್ಟೆಪ್ಪನೇ ಭಾಷಣ ಮಾಡಿದ್ದ. ಮರುದಿನವೇ ಬಾಗಿಲಿಗೆ ಕೀಲಿ ಬಿತ್ತು. ಕೀಲಿಕೈ ಅವನ ಮಗನ ಸೊಂಟದಲ್ಲಿ.

ದೇವಕ್ಕ ಬೆಳಗಾಗುತ್ತಲೇ ಶಾಹಿಸ್ತಾಳನ್ನು ಕರೆದುಕೊಂಡು ಹೋದಳು. ಕಟ್ಟೆಯ ಮೇಲೆ ಕುಳಿತಿದ್ದ ಜಟ್ಟೆಪ್ಪ ಎದ್ದು ನಿಲ್ಲಲೂ ಇಲ್ಲ.

"ಇಂಟರ್ನೆಟ್ ಲೈನ್ ಹೋಗೇತಿ ಬೇ. ನಾಳೆ ಬಾ."

"ಒಳಗ ಯಾರೋ ಅದಾರಲ್ರಿ?" ಎಂದಳು ಶಾಹಿಸ್ತಾ. ಕೋಣೆಯಿಂದ ಗುಂಡು ಹಾರಿಸುವ ಸದ್ದು, ಹುಡುಗರ ಕೇಕೆ ಕೇಳುತ್ತಿತ್ತು. ಜಟ್ಟೆಪ್ಪನ ಮಗ ಮತ್ತು ಅವನ ಗೆಳೆಯರು ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದರು.

"ಗಂಡಸರು ಕುಂತಲ್ಲಿ ನಿನಗೇನ್ ಕೆಲಸ? ಲೈನ್ ಬಂದಮ್ಯಾಗ ಹೇಳಿ ಕಳಸ್ತೇನಿ, ನಡಿ."

ಹೇಳಿ ಕಳಿಸಲಿಲ್ಲ. ದೇವಕ್ಕ ಮರುದಿನ ಹೋದಳು, ಅದರ ಮರುದಿನವೂ ಹೋದಳು. ಅದೇ ಮಾತು: ನಾಳೆ ಬಾ. ಅಷ್ಟರಲ್ಲಿ ಯಾರೋ ಹೇಳಿದರೆಂದು ನಿಜಗುಣಪ್ಪ ಅಂಗಡಿಯಿಂದ ಎಂಥದೋ ಹನಿ ತಂದು ಹಾಕಿದ. ನೋವು ಕಡಿಮೆಯಾದಂತೆ ಅನಿಸಿತು. ಒಂದು ಮುಂಜಾನೆ ನೋಡಿದರೆ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಮೂಡಿತ್ತು. ಆಗ ಗಂಡ ಹೆಂಡತಿ ಇಬ್ಬರೂ ಬೈಲಹೊಂಗಲದ ಬಸ್ಸು ಹತ್ತಿದರು.

ಡಾಕ್ಟರು ದೀಪ ಹಿಡಿದು ನೋಡಿದರು.

"ಇಷ್ಟ್ ದಿನಾ ಏನ್ ಮಾಡಿದ್ರಿ ತಾಯಿ? ಗಾಯಕ್ಕ ಕೀವು ಆಗೇತಿ. ಆ ಹನಿಯಿಂದ ಇನ್ನೂ ಹೆಚ್ಚಾಗೇತಿ. ಗಾಯ ಮಾಯಿಸಬಹುದು, ಆದ್ರ ಈ ಕಣ್ಣಿಗೆ ಇನ್ನ ದೃಷ್ಟಿ ಬರೂದಿಲ್ಲ."

"ನಿಮಗ ತೋರಸಾಕ ದಿನಾ ಹೋಗತಿದ್ನಿರಿ, ಕ್ಯಾಮರಾಕ್ಕ. ಲೈನ್ ಹೋಗಿತ್ತಂತ."

ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹೆಣ್ಣುಮಗಳು ತಟ್ಟನೆ ತಿರುಗಿದಳು. ಅವಳು ಉಮಾಶ್ರೀ, ಜಾಲ ಕಟ್ಟಿದ ಸಂಸ್ಥೆಯ ಇಂಜಿನಿಯರ್.

"ಯಾರ್ ಹೇಳಿದ್ರು? ನಿಮ್ಮೂರಿನ ಲೈನ್ ಹೋಗಿಲ್ರಿ. ಇಲ್ಲಿ ಕುಂತು ನಾನು ದಿನಾ ನೋಡತೇನಿ. ಹಗಲೆಲ್ಲಾ ಚಾಲೂ ಇತ್ತು."

ದೇವಕ್ಕ ಅಳಲಿಲ್ಲ. ಊರಿಗೆ ಬಂದು ಬಸ್ಸಿಳಿದವಳೇ ಸಂಘದ ಹೆಂಗಸರಿಗೆ ಮನೆಗೆ ಬರಲು ಹೇಳಿ ಕಳಿಸಿದಳು.

ಉಮಾಶ್ರೀ ಮರುದಿನವೇ ಊರಿಗೆ ಬಂದಳು. ದೇವಕ್ಕನ ಮನೆಯಲ್ಲಿ ಸ್ವಸಹಾಯ ಸಂಘದ ಹೆಂಗಸರೆಲ್ಲ ಕೂಡಿದ್ದರು. ನಿಜಗುಣಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಆದದ್ದ್ ಆತು. ದೊಡ್ಡವರ ಕೂಡ ಜಗಳ ಬ್ಯಾಡ. ನಾಳೆ ನಳದ ನೀರು ಬಿಡಾವ ಅವನ."

"ಅದಕ್ಕ ಮಾವಾ, ಇವತ್ತ ಸುಮ್ಮನಾದ್ರ ನಾಳೆ ನೀರಿಗೂ ಕೀಲಿ ಹಾಕತಾನ!" ಎಂದಳು ಶಾಹಿಸ್ತಾ.

ಉಮಾಶ್ರೀ ಹೇಳಿದಳು: "ನಮ್ಮ ಸಂಸ್ಥಿದೂ ತಪ್ಪೈತಿ. ಎತ್ತರದ ಮನಿ ಯಾವದಂತ ನೋಡಿದ್ವಿ, ಅಲ್ಲಿ ಹೆಣಮಕ್ಕಳು ಕಾಲಿಡಾಕ ಆಗತೈತೋ ಇಲ್ಲೋ ಅಂತ ಕೇಳಲಿಲ್ಲ. ಜಾಲ ಕಟ್ಟೂದಂದ್ರ ಬರೇ ಕಂಬ ನಿಲ್ಲಸೂದಲ್ಲ. ನಡೀರಿ, ನಾನೂ ಬರತೇನಿ."

ಹೆಂಗಸರ ದಂಡು ಜಟ್ಟೆಪ್ಪನ ಕಟ್ಟೆಯ ಮುಂದೆ ನಿಂತಿತು. ಗದ್ದಲ ಕೇಳಿ ಊರ ಗಂಡಸರೂ ಹಿಂದೆ ಕೂಡಿದರು. ದೇವಕ್ಕ ಕಣ್ಣಿನ ಪಟ್ಟಿ ಬಿಚ್ಚಿದಳು.

"ನೋಡ್ರಿ. ಇಲ್ಲ ಅಂದಿದ್ರ ಅವತ್ತ ನಾ ಬಸ್ ಹತ್ತತಿದ್ದೆ. ನೀವು ಇಲ್ಲ ಅನ್ನಲಿಲ್ಲ. ನಾಳೆ ಬಾ ಅಂದ್ರಿ. ನಿಮ್ಮ ಮಗನ ಆಟ ಮುಗೀಲಿಲ್ಲಂತ ನನ್ನ ಕಣ್ಣು ಮುಗಸಿದ್ರಿ. ಲೈನ್ ಹೋಗಿರಲಿಲ್ಲ, ನಿಮ್ಮ ನಿಯತ್ತು ಹೋಗಿತ್ತು!"

"ಏ, ನನ್ನ ಮನಿ, ನನ್ನ ಕರೆಂಟು," ಜಟ್ಟೆಪ್ಪ ಗದರಿದ.

"ಕರೆಂಟಿನ ಬಿಲ್ಲು ಸಂಸ್ಥಿ ಕಟ್ಟತೈತಿ. ಕಂಪ್ಯೂಟರ್ ಊರಿಂದು. ನಿಮ್ಮದು ಬರೇ ನಾಕ ಗ್ವಾಡಿ," ಎಂದಳು ಉಮಾಶ್ರೀ.

"ಹೆಂಗಸಿನ ಒಂದ್ ಕಣ್ಣಿಗೆ ಇಷ್ಟ್ ರಂಪಾಟ ಏನು? ಇನ್ನೊಂದ್ ಐತಲ್ಲ!"

ಆ ಮಾತು ಬಿದ್ದದ್ದೇ ತಡ, ಹಿಂದೆ ತಲೆ ತಗ್ಗಿಸಿ ನಿಂತಿದ್ದ ನಿಜಗುಣಪ್ಪ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ. ಜಟ್ಟೆಪ್ಪನ ಎದುರು ಅವನು ಎಂದೂ ದನಿ ಎತ್ತಿದವನಲ್ಲ.

"ನೀರು ಬಿಡಬ್ಯಾಡ ಹೋಗ. ಏನ್ ಮಾಡ್ತಿ ಮಾಡು. ನಮ್ಮ ಕಂಬ ನಮಗ ಕೊಡು." ಹೀಗೆಂದವನೇ ಮಾಳಿಗೆಯ ಮೆಟ್ಟಿಲು ಹತ್ತಿದ. ಅವನ ಹಿಂದೆ ರಹಿಮಾನಸಾಬ ಹತ್ತಿದ, ಆಮೇಲೆ ಊರ ಗಂಡಸರು ಒಬ್ಬೊಬ್ಬರಾಗಿ. ಅಷ್ಟು ಜನರನ್ನು ತಡೆಯುವ ಧೈರ್ಯ ಜಟ್ಟೆಪ್ಪನಿಗೆ ಇರಲಿಲ್ಲ. ಕೀಲಿಕೈ ಕೊಟ್ಟ. ಕ್ಷಮೆ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಕಂಬವನ್ನು ಮಕ್ಕಳು ಓದುವ ಸಾಲಿಯ ಮಾಳಿಗೆಗೆ ಹೊತ್ತರು, ಕಂಪ್ಯೂಟರನ್ನು ಅದರ ಒಂದು ಕೋಣೆಯಲ್ಲಿ ಇಟ್ಟರು. ಸಾಲಿ ಗಿಡ್ಡ, ಕಂಬಕ್ಕೆ ಇನ್ನೊಂದು ಕೊಳವೆ ಜೋಡಿಸಬೇಕಾಯಿತು. ಅಡ್ಡ ಬಂದ ಬೇವಿನ ಟೊಂಗೆ ಕಡಿದರು. ಉಮಾಶ್ರೀ ಆಂಟೆನಾವನ್ನು ಶಾಹಿಸ್ತಾಳ ಕೈಗೆ ಕೊಟ್ಟಳು.

"ನಾ ತಿರುಗಿಸಿದ್ರ ನಾ ಹೋದಮ್ಯಾಗ ಯಾರ್ ತಿರುಗಸವ್ರು? ನೀನ ಹಿಡಿ. ಬೈಲಹೊಂಗಲದ ಕಡೆ ಮುಖ ಮಾಡು. ಕೂದಲೆಳಿಯಷ್ಟು ಬಲಕ್ಕ... ನಿಲ್ಲು!"

ಕೆಳಗೆ ಕಂಪ್ಯೂಟರಿನಲ್ಲಿ ದವಾಖಾನೆಯ ಕೋಣೆ ಕಾಣಿಸಿತು. ಹೆಂಗಸರು ಕೂಗಿಕೊಂಡರು.

ಈಗ ಆ ಕೋಣೆಗೆ ಸಮಿತಿ ಇದೆ. ಅರ್ಧಕ್ಕಿಂತ ಹೆಚ್ಚು ಹೆಂಗಸರು. ಕೇಬಲ್ ಕಡಿದರೆ, ಗಾಳಿಗೆ ಆಂಟೆನಾ ತಿರುಗಿದರೆ ಶಾಹಿಸ್ತಾಳೇ ಮಾಳಿಗೆ ಹತ್ತುತ್ತಾಳೆ. ಲೈನ್ ಇಲ್ಲದ ದಿನ ಬಾಗಿಲಿಗೆ ಹಲಗೆ ತೂಗುತ್ತದೆ: "ಇವತ್ತು ಲೈನ್ ಇಲ್ಲ. ಕಾಯಬೇಡಿ, ದವಾಖಾನೆಗೆ ಹೋಗಿ." ಮರುವರ್ಷದ ಸುಗ್ಗಿಯಲ್ಲಿ ಸಂಘದ ಬೀರವ್ವನ ಕಣ್ಣಿಗೆ ಕಡ್ಡಿ ತಾಗಿದಾಗ ದೇವಕ್ಕನೇ ಕೈ ಹಿಡಿದು ಕ್ಯಾಮರಾದ ಮುಂದೆ ಕೂಡಿಸಿದಳು. ಡಾಕ್ಟರು ಅಂದೇ ಕರೆಸಿಕೊಂಡರು. ಬೀರವ್ವನ ಕಣ್ಣು ಉಳಿಯಿತು.

"ಈಗರ ಸಮಾಧಾನ ಆತೇನ?" ನಿಜಗುಣಪ್ಪ ಹೆಂಡತಿಯನ್ನು ಕೇಳಿದ.

"ಇಲ್ಲ," ಎಂದಳು ದೇವಕ್ಕ. "ಆಕಿದು ಉಳೀತು ಅಂತ ಖುಷಿ ಆತು. ಸಿಟ್ಟು ಇಳದಿಲ್ಲ. ಇಳಸೂದೂ ಇಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಇಂಥ ಜಾಲ ಬಂದಿರಬಹುದು, ನಾಳೆ ಬರಬಹುದು. ಅದು ಯಾರ ಮನೆಯಲ್ಲಿದೆ? ನಿಮ್ಮ ಮಗಳು ಅಲ್ಲಿಗೆ ಒಬ್ಬಳೇ ಹೋಗಿ ಕುಳಿತುಕೊಳ್ಳಬಲ್ಲಳೇ? ಕೆಟ್ಟರೆ ಸರಿಮಾಡಲು ಊರಿನಲ್ಲಿ ಯಾರಿಗೆ ಬರುತ್ತದೆ? ಗೊತ್ತಿಲ್ಲವಾದರೆ ಇಂದೇ ಎದ್ದು ಹೋಗಿ ಕೇಳಿ. ಸಾಲಿ, ಸಮುದಾಯ ಭವನದಂಥ ಎಲ್ಲರೂ ಬರುವ ಜಾಗದಲ್ಲಿ ಇಡಿಸಿ. ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿ. ಕಣ್ಣಿಗೆ ಪೆಟ್ಟಾದರೆ ಅಂಗಡಿಯ ಹನಿ ಹಾಕಬೇಡಿ, ಯಾರ ನಾಳೆಗೂ ಕಾಯಬೇಡಿ. ಮತ್ತು ಯಾರಾದರೂ "ಇದು ನಿಮಗಲ್ಲ" ಎಂದರೆ ತಲೆ ತಗ್ಗಿಸಿ ಮನೆಗೆ ಬರಬೇಡಿ. ಹತ್ತು ಮಂದಿಯನ್ನು ಕರೆದುಕೊಂಡು ತಿರುಗಿ ಹೋಗಿ!