ಬಯಲು ಎಂದು ಬರೆದವಳು

ಮಮತಾ ಹಿರಿಯೂರಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಫೋನ್ ಬಂತು. ಮತ್ತೋಡಿನ ಆಚೆಯ ಹಟ್ಟಿಯಿಂದ ಈರಬಸಪ್ಪ ಎಂಬಾತ ಮಾತಾಡಿದ.

"ನೀವು ಕೊಟ್ಟ ಗಾಡೀನ ವಾಪಸ್ ತಗಂಡು ಹೋಗ್ರಿ ಮೇಡಂ. ನನ್ನ ತಂಗಿ ಬರಗೇರಮ್ಮ ಬಿದ್ದು ತೊಡೆ ಮೂಳೆ ಮುರ್ಕಂಡು ಮಲಗವಳೆ."

ಮಮತಾ ಕೆಲಸ ಮಾಡುತ್ತಿದ್ದ ಟ್ರಸ್ಟು ನಡೆಯಲಾರದವರಿಗೆ ಮೂರು ಗಾಲಿಯ ಗಾಡಿ ಕೊಡುತ್ತಿತ್ತು. ಕೈಯಲ್ಲಿ ತಿರುಗಿಸುವ ಗಾಡಿಗಳು ಬೇಕಾದಷ್ಟಿದ್ದವು, ಏರು ಹತ್ತಿ ಇಳಿಜಾರಲ್ಲೂ ನಿಲ್ಲುವ ಬ್ಯಾಟರಿ ಗಾಡಿಗಳು ಕೆಲವೇ ಕೆಲವು. ಅವು ಗುಡ್ಡದ ಊರಿನವರಿಗೆ ಮಾತ್ರ. ಊರಿಗೆ ಹೋಗಿ ನೆಲ ನೋಡಿ, ಅರ್ಜಿಯಲ್ಲಿ 'ಬಯಲು' ಅಥವಾ 'ಗುಡ್ಡ' ಎಂದು ಬರೆಯುವುದು ಅವಳ ಕೆಲಸವಾಗಿತ್ತು. ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ಅವಳು ಎಲ್ಲಿಗೂ ಹೋಗಿರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲವೂ ಬಯಲುಸೀಮೆ ಎಂದು ಮೂರನೇ ಕ್ಲಾಸಿನಿಂದ ಓದಿದ್ದಳು. ಅವಳು ಹುಟ್ಟಿದ ಜವನಗೊಂಡನಹಳ್ಳಿಯ ಮನೆ ಮುಂದೆ ನಿಂತರೆ ಕಣ್ಣಿಗೆ ಬೀಳುವುದೂ ಸಮತಟ್ಟು ಹೊಲವೇ. ಮೂವತ್ತೊಂದು ಅರ್ಜಿಗಳಿಗೂ ಒಂದೇ ಮಧ್ಯಾಹ್ನ ಕೂತಲ್ಲೇ 'ಬಯಲು' ಎಂದು ಬರೆದು ಮುಗಿಸಿದ್ದಳು.

ಬರಗೇರಮ್ಮ ಒಬ್ಬಳೇ ಆ ಬಗ್ಗೆ ಫೋನ್ ಮಾಡಿದವಳು. "ನಮ್ಮದು ಏರಿನ ಊರು ಕಣಮ್ಮ, ಗುಡ್ಡ ಅಂತ ಬರೀರಿ" ಎಂದಿದ್ದಳು. ಮಮತಾ ನಕ್ಕುಬಿಟ್ಟಿದ್ದಳು. "ಬಯಲುಸೀಮೇಲಿ ಗುಡ್ಡ ಎಲ್ಲಿಂದ ಬಂತಕ್ಕ? ಬ್ಯಾಟರಿ ಗಾಡಿ ಸಿಗ್ಲಿ ಅಂತ ಎಲ್ಲರೂ ಹಿಂಗೇ ಹೇಳ್ತಾರೆ." ಬರಗೇರಮ್ಮ "ಆಗ್ಲಿ ಬಿಡ್ರಿ" ಎಂದು ಫೋನ್ ಇಟ್ಟಿದ್ದಳು.

ಈಗ ಮಮತಾಗೆ ತನ್ನ ಆ ನಗು ನೆನಪಾಯಿತು. ಡಬ್ಬಿ ಮುಚ್ಚಿಟ್ಟಳು.

ಮರುದಿನ ಬೆಳಿಗ್ಗೆಯೇ ಹೊಸದುರ್ಗದ ಬಸ್ಸು ಹತ್ತಿದಳು. ಮಾರಿಕಣಿವೆ ದಾಟುವಾಗ ಎರಡೂ ಕಡೆ ಗುಡ್ಡಗಳು ಒಂದರ ಹಿಂದೊಂದು ಬಂದವು. ನೆಂಟರ ಮದುವೆಗಳಿಗೆ ಎಷ್ಟೋ ಸಲ ಇದೇ ದಾರಿಯಲ್ಲಿ ಹೋಗಿದ್ದಳು. ಆಗೆಲ್ಲ ನಿದ್ದೆ, ಇಲ್ಲವೇ ಮೊಬೈಲು. ಮತ್ತೋಡಿನಲ್ಲಿ ಹಿಡಿದ ಆಟೋದವನು ಹಟ್ಟಿಯ ಕೆಳಗೇ ನಿಲ್ಲಿಸಿದ.

"ಇಲ್ಲಿಂದ ಮ್ಯಾಲೆ ನನ್ನ ಗಾಡಿ ಹತ್ತಲ್ಲ ಅಕ್ಕ, ಇಳೀರಿ."

ಮಮತಾ ಏರು ಹತ್ತುತ್ತಾ ಎರಡು ಕಡೆ ನಿಂತು ಉಸಿರು ಸುಧಾರಿಸಿಕೊಂಡಳು. ಅರ್ಧ ದಾರಿಯಲ್ಲಿ, ತಿರುವಿನ ಬಂಡೆಯ ಮೇಲೆ ನೀಲಿ ಬಣ್ಣ ಉಜ್ಜಿ ಹೋಗಿತ್ತು. ಟ್ರಸ್ಟಿನ ಗಾಡಿಗಳ ಬಣ್ಣ ಅದು.

ಬರಗೇರಮ್ಮನಿಗೆ ನಲವತ್ತರ ಮೇಲಾಗಿರಬೇಕು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲು ಹೋಗಿತ್ತು. ರವಿಕೆ ಹೊಲಿದು ಮತ್ತೋಡಿಗೆ ಕೊಟ್ಟು ಬರುತ್ತಿದ್ದಳು. ಗಾಡಿ ಬಂದು ಹನ್ನೊಂದನೇ ದಿನಕ್ಕೆ ಬಿದ್ದಿದ್ದಳು. ಈಗ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಮಲಗಿದ್ದಳು. ಈರಬಸಪ್ಪ ಕುರಿ ಬಿಡಲು ಹೊರಟಿದ್ದವನು ಒಳಗೆ ಬಂದ.

"ಬರ್ರಿ, ಕುಂತ್ಕಳ್ರಿ. ಗಾಡಿ ಬೇಕು ಅಂತ ಒಂದೇ ಹಟ ಇವಳದ್ದು. ಬ್ರೇಕ್ ಹಿಡಿಯಾಕೆ ಬರಲ್ಲ ಅಂದ್ಮ್ಯಾಲೆ ಯಾಕೆ ಬೇಕಿತ್ತು ಹೇಳ್ರಿ?"

"ಹೂಂ ಕಣಣ್ಣ, ನಂದೇ ತಪ್ಪು, ಬಿಡು" ಎಂದಳು ಬರಗೇರಮ್ಮ ಗೋಡೆಯ ಕಡೆ ನೋಡುತ್ತಾ.

ಟ್ರಸ್ಟಿನವಳು ಎಂದಷ್ಟೇ ಗೊತ್ತಿತ್ತು, ಅವತ್ತು ಫೋನಿನಲ್ಲಿ ನಕ್ಕವಳು ಇವಳೇ ಎಂದು ಅವರಿಗೆ ಗೊತ್ತಾಗಿರಲಿಲ್ಲ. ಮಮತಾ ಟೀ ಕುಡಿದಳು. ತಂದಿದ್ದ ಸೇಬು ಕೊಟ್ಟಳು. ಏನಾದರೂ ಹೇಳಬೇಕಲ್ಲ ಎಂದು, "ಇಳಿಜಾರಲ್ಲಿ ಬ್ರೇಕ್ ಸ್ವಲ್ಪ ಮೊದಲೇ ಹಿಡೀಬೇಕಿತ್ತು ಅಕ್ಕ" ಎಂದಳು. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ನಾಚಿಕೆಯಾಯಿತು. ಗಾಡಿ ನೋಡಿ ಬರುತ್ತೇನೆಂದು ಎದ್ದು ಹೊರಗೆ ಬಂದಳು.

ಗಾಡಿಯನ್ನು ಹೊಂಗೆ ಮರಕ್ಕೆ ಒರಗಿಸಿಟ್ಟಿದ್ದರು. ಹ್ಯಾಂಡಲ್ ಬಗ್ಗಿತ್ತು, ಬ್ರೇಕು ನೆಟ್ಟಗಿತ್ತು. ಮಮತಾ ಅದನ್ನು ದಾರಿಗೆ ತಳ್ಳಿ, ಹತ್ತಿ ಕೂತು, ಬ್ರೇಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಗಾಡಿ ನಿಲ್ಲಲಿಲ್ಲ. ಜಲ್ಲಿಯ ಮೇಲೆ ಜಾರುತ್ತಾ ಜಾರುತ್ತಾ ಹೋಯಿತು. ಅವಳು ಕಾಲು ಊರಿ ಚಪ್ಪಲಿ ಉಜ್ಜಿ ಹೇಗೋ ನಿಲ್ಲಿಸಿದಳು. ಊರಲು ತನಗೆ ಕಾಲಿದ್ದವು.

ಅಲ್ಲಿಂದ ಹಾಗೇ ಇಳಿದು ಹೋಗಿಬಿಡಬಹುದಿತ್ತು. ಆಟೋ ಕೆಳಗೇ ಇತ್ತು. ಅವಳು ವಾಪಸು ಮನೆಯೊಳಗೆ ಹೋದಳು.

"ಅಕ್ಕ, ಬ್ರೇಕ್ ಹಿಡಿದ್ರೂ ನಿಲ್ಲಲ್ಲ ಅದು. ಈಗ ನಾನೇ ಕೂತು ನೋಡ್ದೆ. ನಿಮ್ಮ ತಪ್ಪು ಏನೂ ಇಲ್ಲ. ಅವತ್ತು ಫೋನಲ್ಲಿ ನಕ್ಕಿದ್ದು ನಾನು. ಇಲ್ಲಿಗೆ ಬರದೇನೇ ಬಯಲು ಅಂತ ಬರೆದಿದ್ದೂ ನಾನೇ."

ಈರಬಸಪ್ಪನ ಮುಖ ಕೆಂಪಾಯಿತು. "ಹೊರಗೆ ನಡೀರಿ" ಎಂದ.

"ತಡಿಯಣ್ಣ" ಎಂದಳು ಬರಗೇರಮ್ಮ. ಮೊದಲ ಸಲ ಮಮತಾಳ ಮುಖವನ್ನು ನೇರವಾಗಿ ನೋಡಿದಳು. "ಬಿದ್ದಾಗಿಂದ ದಿನಾ ಬೈಸ್ಕಂಡೀನಿ ಮೇಡಂ, ಓಣಿಯೋರ ಮುಂದೆಲ್ಲ. ನಂಗೂ ನನ್ನ ಕೈಯೇ ಸರಿಗಿಲ್ಲ ಅನ್ಸಿತ್ತು. ಈಗ ಹೇಳಿದ್ದನ್ನ ಬರೆದು ಕೊಡ್ರಿ."

ರವಿಕೆಯ ಅಳತೆ ಬರೆಯುವ ಪುಸ್ತಕದಲ್ಲೇ ಮಮತಾ ಬರೆದು, ಸಹಿ ಮಾಡಿ ಕೊಟ್ಟಳು. ಈರಬಸಪ್ಪ ಅದನ್ನು ಓದಿ, ತಂಗಿಯನ್ನು ನೋಡಲಾರದೆ ಕುರಿಗಳ ಕಡೆ ಹೊರಟುಹೋದ.

ಅದನ್ನೇ ಮಮತಾ ಆಫೀಸಿಗೂ ಬರೆದು ಕೊಟ್ಟಳು. ಮೇಲಧಿಕಾರಿ ಪ್ರಭು, "ಓಡಿಸೋರ ತಪ್ಪು ಅಂತ ಒಂದು ಸಾಲು ಬರೀರಿ, ಮುಗೀತು" ಎಂದ. ಅವಳು ಬರೆಯಲಿಲ್ಲ. ಅವಳ ಕುರ್ಚಿ ಹೋಯಿತು, ಊರೂರು ಸುತ್ತುವ ಕೆಲಸ ಬಂತು. ಅವಳಿಗೂ ಅದೇ ಬೇಕಿತ್ತು. ಉಳಿದ ಮೂವತ್ತು ಅರ್ಜಿದಾರರ ಊರುಗಳಿಗೂ ಹೋದಳು. ಒಂಬತ್ತು ಊರುಗಳಲ್ಲಿ ಏರುದಾರಿಯಿತ್ತು. ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕಾಟಯ್ಯ ಎಂಬ ಮುದುಕ ಗಾಡಿಯನ್ನು ದನದ ಕೊಟ್ಟಿಗೆಗೆ ಸೇರಿಸಿ, ಮೊದಲಿನ ಹಾಗೇ ತೆವಳುತ್ತಿದ್ದ. "ಕೊಟ್ಟೋರಿಗೆ ಬೇಜಾರಾಗ್ತೈತೆ ಅಂತ ಹೇಳ್ಲಿಲ್ಲ ಕಣವ್ವ" ಎಂದ. ಮಮತಾ ಅವನ ಅರ್ಜಿಯಲ್ಲಿ 'ಬಯಲು' ಹೊಡೆದು 'ಗುಡ್ಡ' ಎಂದು ಬರೆದಳು.

ಬರಗೇರಮ್ಮನ ಬ್ಯಾಟರಿ ಗಾಡಿ ಬರಲು ಐದು ತಿಂಗಳಾಯಿತು. ಮಮತಾಳೇ ತಂದು ಕೊಟ್ಟಳು.

"ನೋವು ಹೆಂಗೈತೆ ಅಕ್ಕ?"

"ಐತೆ. ಕುಂತ್ರೆ ಹಿಡ್ಕಂತೈತೆ." ಕ್ಷಮಿಸಿದೆ ಎಂದೂ ಅವಳು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹೊಲಿದ ರವಿಕೆಗಳ ಚೀಲ ಮಡಿಲಲ್ಲಿಟ್ಟುಕೊಂಡು, "ಮತ್ತೋಡಿಗೆ ಹೋಗಾಣ ಬರ್ರಿ" ಎಂದಳು.

ಇಳಿಜಾರಿನುದ್ದಕ್ಕೂ ಮಮತಾ ಸೀಟಿನ ಹಿಂಬದಿ ಹಿಡಿದೇ ನಡೆದಳು. ಬರಗೇರಮ್ಮ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ತೋರಿಸಿದಳು. "ಕೈ ಬಿಡ್ರಿ ಮೇಡಂ, ಇದು ನಿಲ್ತೈತೆ."

ಮಮತಾಗೆ ಬಿಡಲಾಗಲಿಲ್ಲ.