ಸತ್ತವಳ ವಿಳಾಸ

ತಾನು ತೀರಿಕೊಂಡ ಸುದ್ದಿ ಪ್ರಗತಿಗೆ ಗೊತ್ತಾದಾಗ ಅವಳು ಹಿತ್ತಲಲ್ಲಿ ಕೂತು ಬಂಗಡೆ ಹೆಚ್ಚುತ್ತಿದ್ದಳು. ಕೈ ತುಂಬ ಮೀನಿನ ನೆತ್ತರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಳು.

“ಹೇಳಿಬಿಟ್ಟೆ,” ಎಂದಳು ಹಾರವಾಡದ ತವರಿನಿಂದ ಆಯಿ. “ನೀ ಸತ್ತು ಮೂರು ವರ್ಷ ಆಯ್ತು ಅಂತ. ಇನ್ನು ಅವರು ಬರೂದಿಲ್ಲ.”

“ಯಾರು ಬರೂದಿಲ್ಲ?”

“ಆ ಕ್ಯಾನ್ಸರ್ ಲೆಕ್ಕದವರು. ಎರಡು ಸಲ ಫೋನ್ ಮಾಡಿದ್ರು, ನಾನು ಕಟ್ ಮಾಡಿದ್ದೆ. ಇವತ್ತು ಒಬ್ಬ ಹೆಂಗಸು ಸೀದಾ ಮನೆಗೇ ಬಂದಳು. ಕಾಶಿ ಹೇಗಿದ್ದಾಳೆ ಅಂತ ಕೇಳಿದಳು.”

“ಮದುವೆಯಾಗಿ ಹೋದಳು ಅಂದಿದ್ರೆ ಆಗ್ತಿತ್ತಲ್ಲ, ಆಯಿ.”

“ಅಂದ್ರೆ ಎಲ್ಲಿಗೆ ಕೊಟ್ರಿ, ಗಂಡ ಯಾರು, ನಂಬರ್ ಕೊಡಿ ಅಂತಾಳೆ. ಸತ್ತವಳ ವಿಳಾಸ ಯಾರೂ ಕೇಳೂದಿಲ್ಲ ಮಾರಾಯ್ತಿ.” ಆಯಿಯ ದನಿಯಲ್ಲಿ ಗೆದ್ದ ಖುಷಿಯಿತ್ತು. ಆಮೇಲೆ ಅದು ಇಳಿಯಿತು. “ಬಾಯಿ ತೊಳ್ಕೊಂಡೆ. ದೇವರಿಗೆ ಕಾಯಿ ಇಟ್ಟೆ. ನೀ ಎಂತದೂ ಮನಸ್ಸಿಗೆ ಹಚ್ಕೊಳ್ಬೇಡ.”

ಹಾರವಾಡದಲ್ಲಿ ಅವಳು ಕಾಶಿಯಾಗಿದ್ದಳು. ಹದಿನಾರನೇ ವರ್ಷ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿದ್ದಾಗ, ಕೊರಳ ಬಲಬದಿಗೆ ಅಡಿಕೆಯಷ್ಟು ಗಂಟು ಎದ್ದಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ನೋಡಿದ ಡಾಕ್ಟರು ಅಪ್ಪನನ್ನು ಬದಿಗೆ ಕರೆದು ಲಿಂಫೋಮಾ ಎಂಬ ಹೆಸರು ಹೇಳಿದರು. ಅದೂ ಒಂದು ಜಾತಿಯ ಕ್ಯಾನ್ಸರೇ ಎಂದು ತಿಳಿದ ಮೇಲೆ ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ಅವಳ ಕೈ ಬಿಡಲಿಲ್ಲ. ಆರು ತಿಂಗಳು ಮದ್ದು ಏರಿಸಿದರು. ಕೂದಲು ಉದುರಿತು. ಊರವರಿಗೆ ಟೈಫಾಯ್ಡ್ ಎಂದು ಹೇಳಿದ್ದಾಯಿತು. ಟೈಫಾಯ್ಡ್ ಬಂದರೆ ಕೂದಲು ಹೋಗುತ್ತದೆಂದು ಎಲ್ಲರೂ ನಂಬಿದ್ದರಿಂದ ಯಾರೂ ಮತ್ತೆ ಕೇಳಲಿಲ್ಲ. ರೋಗ ಹೋಯಿತು, ಶಾಲೆಯೂ ಹೋಯಿತು. ತಲೆಗೆ ವಸ್ತ್ರ ಸುತ್ತಿಕೊಂಡು ಕಿಟಕಿಯ ಹಿಂದೆ ಕೂತ ಕಾಶಿ, ಹೋಗಿ ಬರುವವರನ್ನು ನೋಡುವುದು ಕಲಿತಳು. ಮಾತು ಅಲ್ಲಿಂದಲೇ ಕಡಿಮೆಯಾಯಿತು.

ಸದಾಶಿವಗಡದ ರೋಷನನ ಜೊತೆ ಮದುವೆಯಾದಾಗ, ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಅವನು ಉಂಗುರದಿಂದ ಅವಳ ಹೊಸ ಹೆಸರು ಬರೆದ: ಪ್ರಗತಿ. ಅವರ ಮನೆತನಕ್ಕೆ ಬಂದ ಸೊಸೆಯರಿಗೆಲ್ಲ ಹೀಗೆ ಹೊಸ ಹೆಸರು ಇಡುವುದು ಪದ್ಧತಿ. ಕೆಲವು ಹುಡುಗಿಯರು ಆ ಗಳಿಗೆಯಲ್ಲಿ ಅಳುತ್ತಾರೆ. ಇವಳು ಅಳಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದವಳು ಕಾಶಿ. ಅವಳು ಹಾರವಾಡದಲ್ಲೇ ಉಳಿಯಲಿ ಎಂದುಕೊಂಡಳು. ಕೊರಳ ಗಾಯದ ಗುರುತನ್ನು ಅತ್ತೆ ಕೇಳಿದ್ದರು. ಚಿಕ್ಕಂದಿನ ಕುರು ಎಂದಿದ್ದಳು. ರೋಷನ ಕೇಳಿಯೇ ಇರಲಿಲ್ಲ. ಈಗ ಮಗ ಸಂದೇಶನಿಗೆ ಎರಡು ವರ್ಷ.

ಬಂಗಡೆ ತೊಳೆದು ಒಳಗೆ ತಂದಾಗ ಅವಳಿಗೆ ಸಮಾಧಾನವೇ ಆಗಿತ್ತು. ಕಾಶಿಯ ಕತೆ ಮುಗಿಯಿತು, ಆಯಿ ಒಳ್ಳೆಯದೇ ಮಾಡಿದಳು. ಆದರೆ ಪಕ್ಕದ ಮನೆಯ ರೂಪಾ ಉಪ್ಪು ಕೇಳಲು ಬಂದು ಬಾಗಿಲಲ್ಲಿ ನಿಂತಾಗ ಆ ಸಮಾಧಾನ ನಿಲ್ಲಲಿಲ್ಲ. ಒಂಬತ್ತನೇ ತರಗತಿಯ ಹುಡುಗಿ, ಈ ಸೆಕೆಯಲ್ಲೂ ಕೊರಳಿಗೆ ವೇಲು ಸುತ್ತಿಕೊಂಡಿದ್ದಳು. ಒಳಗೆ ಗಂಟಿದೆ ಎಂದು ಓಣಿಗೆಲ್ಲ ಗೊತ್ತು. ಕಾರವಾರದ ಡಾಕ್ಟರು ನೋಡಿ, ಚೂರು ತೆಗೆಸಿ ಪರೀಕ್ಷೆ ಮಾಡಿಸಿ, ತಡಮಾಡದೆ ಮಂಗಳೂರಿಗೆ ಹೋಗಿ ಎಂದಿದ್ದರು. ರೂಪಾಳ ಅಪ್ಪ ದುರ್ಗಪ್ಪ ಹೋಗಿರಲಿಲ್ಲ. ಖರ್ಚಿನ ಮಾತಲ್ಲ, ಅದಕ್ಕೆ ಸರಕಾರದ ಕಾರ್ಡಿತ್ತು. ಅವನ ಹೆಂಡತಿಯ ತಮ್ಮ ಕುಮಾರ ಬಾಯಿಯ ಕ್ಯಾನ್ಸರಿನಲ್ಲಿ ಒದ್ದಾಡಿ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮಗಳಿಗೆ ಆ ಹಿಂಸೆ ಯಾಕೆ, ಸುಂಕಸಾಳದ ಕಡೆ ಯಾರೋ ಗಿಡಮದ್ದು ಕೊಡುತ್ತಾರಂತೆ, ಅಲ್ಲಿಗೇ ಕರೆದೊಯ್ಯುತ್ತೇನೆ ಎನ್ನುತ್ತಿದ್ದ.

“ವೈನಿ, ನೀವು ಯಾವಾಗ್ಲೂ ನನ್ನ ಕುತ್ತಿಗೆ ಎಂತಕೆ ನೋಡೂದು?” ರೂಪಾ ಕೇಳಿದಳು.

ಪ್ರಗತಿ ಉಪ್ಪಿನ ಡಬ್ಬಿ ಹುಡುಕುವವಳಂತೆ ತಿರುಗಿದಳು.

ಎರಡು ದಿನ ಬಿಟ್ಟು ಆ ಲೆಕ್ಕದ ಹೆಂಗಸು ಸದಾಶಿವಗಡಕ್ಕೂ ಬಂದರು. ಎದುರು ಮನೆಯ ರಾಮನಾಥ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋಗಿ ವರ್ಷ ಕಳೆದಿತ್ತು. ಅವನ ವಿಷಯ ಕೇಳಲು ಬಂದಿದ್ದರು, ಆದರೆ ಆ ಮನೆಗೆ ಬೀಗ. ಬಿಸಿಲಲ್ಲಿ ನಿಂತವರನ್ನು ಅತ್ತೆಯೇ ಕರೆದು ಜಗಲಿಯಲ್ಲಿ ಕೂರಿಸಿದರು.

“ಡಾಕ್ಟರಾ ನೀವು?”

“ಮದ್ದು ಕೊಡೋ ಡಾಕ್ಟರಲ್ಲ. ನಾನು ಲೆಕ್ಕದವಳು, ಕ್ಯಾನ್ಸರ್ ಬಂದವರಲ್ಲಿ ಯಾರು ಹೋದ್ರು, ಯಾರು ಉಳಿದ್ರು ಅಂತ ಬರ್ಕೊಳ್ಳೂದು. ಚಂದನಾ ಅಂತ. ಮೂಲ ಇಲ್ಲೇ, ಶೆಟಗೇರಿ.”

“ಶೆಟಗೇರಿಯವರು ಸಾಯೋರ ಲೆಕ್ಕ ಮಾಡೂಕೆ ಹೊರಟ್ರಾ? ಅದಕ್ಕೂ ಸಂಬಳ ಕೊಡ್ತಾರಾ?”

ಚಂದನಾ ನಕ್ಕರು. “ಸತ್ತವರನ್ನು ಹುಡುಕೂಕೆ ಕಷ್ಟ ಇಲ್ಲ ಅಕ್ಕಾ, ಓಣಿಯವರೆಲ್ಲ ಹೇಳ್ತಾರೆ. ಉಳಿದವರೇ ಸಿಗೂದಿಲ್ಲ. ಫೋನ್ ಎತ್ತೂದಿಲ್ಲ, ಎತ್ತಿದ್ರೆ ರಾಂಗ್ ನಂಬರ್ ಅಂತಾರೆ.”

ಪ್ರಗತಿ ಕೋಕಂ ಶರಬತ್ತಿನ ಲೋಟ ತಂದಿಟ್ಟು ಬಾಗಿಲ ಪಟ್ಟಿಗೆ ಒರಗಿ ನಿಂತಳು. ಆಯಿಯ ಜಗಲಿಯಲ್ಲಿ ಕೂತಿದ್ದೂ ಇವರೇ. ವಯಸ್ಸು ನಲವತ್ತರ ಆಚೀಚೆ, ಚಪ್ಪಲಿಯ ಉಂಗುಷ್ಠ ಕಿತ್ತು ಪಿನ್ನು ಹಾಕಿಕೊಂಡಿದ್ದರು. ತುಂಬ ನಡೆದಿರಬೇಕು.

ಮಾತು ಕೇಳಿ ದುರ್ಗಪ್ಪ ತನ್ನ ಅಂಗಳದಿಂದ ಎದ್ದು ಬಂದ. ಹಿಂದೆಯೇ ರೂಪಾ ಬಂದು ಕಂಬದ ಮರೆಯಲ್ಲಿ ನಿಂತಳು.

“ಅಕ್ಕೋರೆ, ನೇರ ಕೇಳ್ತೆ. ಕೊರಳಿಗೆ ಈ ಗಡ್ಡೆ ಆದವರು ಉಳೀತಾರಾ?” ಅವನು ಮಗಳ ಪರೀಕ್ಷೆಯ ಕಾಗದ ಚಾಚಿದ.

ಚಂದನಾ ಓದಿದರು. “ಇದರಲ್ಲಿ ಬರೆದ ರೋಗವೇ ಆದ್ರೆ, ಸರಿಯಾಗಿ ಮದ್ದು ಮಾಡಿಸಿದ್ರೆ, ನೂರು ಮಕ್ಕಳಲ್ಲಿ ಎಂಬತ್ತಕ್ಕಿಂತ ಹೆಚ್ಚು ಮಂದಿ ಉಳೀತಾರೆ.”

“ಎಲ್ಲಿಯ ನೂರು ಮಕ್ಕಳು?”

“ದೊಡ್ಡ ದೊಡ್ಡ ಊರುಗಳಲ್ಲಿ ಮಾಡಿದ ಲೆಕ್ಕ ಅದು.”

“ನಮ್ಮ ಕಡೆಯದ್ದು ಹೇಳಿ. ಕಾರವಾರ, ಅಂಕೋಲೆ. ಒಬ್ಬರ ಹೆಸರು ಹೇಳಿ ಸಾಕು.”

“ಹೆಸರು ಹೇಳೋ ಹಾಗಿಲ್ಲ ಅಣ್ಣಾ.”

“ಇದ್ರೆ ಅಲ್ವಾ ಹೇಳೂದು!” ದುರ್ಗಪ್ಪ ನಕ್ಕ. ಆ ನಗು ಯಾರಿಗೂ ಹಿಡಿಸಲಿಲ್ಲ. “ಸುಳ್ಳು ಬೇಡ ಅಕ್ಕೋರೆ. ಇಷ್ಟು ತಿರುಗಿದ್ರಲ್ಲ, ಇದೇ ರೋಗದ ಒಂದು ಹುಡುಗಿಯನ್ನಾದ್ರೂ ಜೀವಂತ ಕಂಡ್ರಾ?”

ಚಂದನಾ ಕಾಗದ ಮಡಚಿ ಅವನ ಕೈಗೆ ಕೊಟ್ಟರು. “ಒಬ್ಬಳಿದ್ದಳು. ಇವಳಷ್ಟೇ ವಯಸ್ಸಿಗೆ ಬಂದಿತ್ತು, ಮದ್ದು ಪೂರ್ತಿ ಮಾಡಿಸಿಕೊಂಡಿದ್ದಳು. ಅವಳು ಇರ್ತಾಳೆ ಅಂತ ನಂಬಿಯೇ ಹೋಗಿದ್ದೆ. ಇಲ್ಲವಂತೆ.” ಆಮೇಲೆ ಅವರೇ ತಲೆ ಅಲ್ಲಾಡಿಸಿದರು. “ಒಬ್ಬಳನ್ನು ನೋಡಿ ಲೆಕ್ಕ ಹೇಳಬಾರದು. ನಾನು ಈ ಮಾತು ಆಡಬಾರದಿತ್ತು.”

“ಕೇಳಿದ್ರಾ ಅಕ್ಕಾ?” ದುರ್ಗಪ್ಪ ಅತ್ತೆಯ ಕಡೆ ತಿರುಗಿದ. “ಪೂರ್ತಿ ಮದ್ದು ಮಾಡಿಸಿದವಳೂ ಹೋದಳು. ನಾ ಹೇಳ್ತಾ ಇದ್ದದ್ದು ಎಂತದು ಮತ್ತೆ?”

ಕಂಬದ ಮರೆಯಲ್ಲಿ ರೂಪಾ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಚಂದನಾರನ್ನೂ ನೋಡುತ್ತಿರಲಿಲ್ಲ. ಈ ನೋಟ ಪ್ರಗತಿಗೆ ಗೊತ್ತಿತ್ತು. ದೊಡ್ಡವರು ನಮ್ಮ ಜೀವದ ವಿಷಯ ಮಾತಾಡುವಾಗ ನೆಲವನ್ನೇ ನೋಡುವುದು. ಅಂದು ಅಪ್ಪ ಹೆದರಿ ಹಿಂದೆ ಸರಿದಿದ್ದರೆ ತಾನು ಎಲ್ಲಿರುತ್ತಿದ್ದೆ? ಈಗ ತನ್ನ ಸುಳ್ಳು ಸಾವೇ ಈ ಹುಡುಗಿಯ ದಾರಿಗೆ ಅಡ್ಡ ಬಿದ್ದಿತ್ತು.

“ಅವಳು ಸತ್ತಿಲ್ಲ,” ಎಂದಳು ಪ್ರಗತಿ.

ದನಿ ಎಷ್ಟು ಸಣ್ಣದಿತ್ತೆಂದರೆ ಅತ್ತೆ “ಎಂತದೇ?” ಎಂದು ಕೇಳಬೇಕಾಯಿತು.

“ಆ ಹುಡುಗಿ ನಮ್ಮೂರವಳು, ಹಾರವಾಡದವಳು. ಬದುಕಿದ್ದಾಳೆ. ಅವಳ ಆಯಿ ಸುಳ್ಳು ಹೇಳಿದ್ದು.”

ಚಂದನಾ ಥಟ್ಟನೆ ತಲೆ ಎತ್ತಿದರು. ತಾವು ಊರಿನ ಹೆಸರು ಹೇಳಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಮ್ಮೂರವಳು ಎಂದರೆ ಸುಳ್ಳೂ ಆಗಲಿಲ್ಲ. ಆದರೆ ದುರ್ಗಪ್ಪ ಬಿಡಲಿಲ್ಲ.

“ಬದುಕಿದ್ರೆ ಎಲ್ಲಿದ್ದಾಳೆ? ಫೋನ್ ಹಚ್ಚು. ನಾನೇ ಮಾತಾಡ್ತೆ. ನನ್ನ ಸಮಾಧಾನಕ್ಕೆ ಎಲ್ಲರೂ ಇಂಥದ್ದೇ ಹೇಳೂದು.”

ಪ್ರಗತಿ ಒಳಗೆ ಮಲಗಿದ್ದ ಸಂದೇಶನ ಕಡೆ ಒಮ್ಮೆ ನೋಡಿದಳು. ರೋಷನನ ಬೋಟು ಸಮುದ್ರದಲ್ಲಿತ್ತು, ನಾಳೆ ಸಂಜೆಗೆ ದಡಕ್ಕೆ. ಅವನಿಗೆ ಮೊದಲು ಹೇಳಬೇಕಿತ್ತು ಎಂದು ಹೊಳೆಯಿತು. ಮದುವೆಯಾದ ಈ ನಾಲ್ಕು ವರ್ಷವೂ ಹಾಗೆಯೇ ಹೊಳೆಯುತ್ತಿತ್ತು. ಅವಳು ಜಗಲಿಗಿಳಿದು, ರೂಪಾಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಜಡೆಯನ್ನು ಎಡಕ್ಕೆ ಎಳೆದು ಕೊರಳು ತೋರಿಸಿದಳು.

“ಇಲ್ಲಿ ಮುಟ್ಟು.”

ರೂಪಾ ಬೆರಳಿಟ್ಟಳು.

“ನಿನ್ನದು ಎಲ್ಲಿದ್ಯೋ ಅಲ್ಲೇ ಇತ್ತು.”

ಅತ್ತೆ ಕೂತಲ್ಲಿಂದ ಎದ್ದರು. ಒಳಗೆ ಹೋಗಿ ಮಲಗಿದ್ದ ಮೊಮ್ಮಗನನ್ನು ಎತ್ತಿಕೊಂಡದ್ದು ಕೇಳಿಸಿತು. ಅವನು ನಿದ್ದೆಗಣ್ಣಲ್ಲಿ ಅತ್ತ. ಹಿಂದಿನ ಬಾಗಿಲು ಬಡಿಯಿತು. ದುರ್ಗಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಗಳನ್ನು ಕರೆದುಕೊಂಡು ತನ್ನ ಮನೆಗೆ ನಡೆದ.

“ಕಾಶಿ?” ಚಂದನಾ ಮೆಲ್ಲಗೆ ಕೇಳಿದರು.

“ಹೌದು.”

“ನನ್ನಿಂದ ನಿಮಗೆ ತೊಂದರೆ ಆಯ್ತು.”

“ನೀವು ಎಂತ ಮಾಡಿದ್ರಿ? ಸತ್ತದ್ದು ನಾನು.” ಅಷ್ಟು ಹೇಳಿ ಅವಳಿಗೇ ನಗು ಬಂತು, ಕಣ್ಣೀರೂ ಬಂತು. “ನಿಮ್ಮ ಲೆಕ್ಕದಲ್ಲಿ ನನ್ನನ್ನು ಆ ಕಡೆಯಿಂದ ಈ ಕಡೆಗೆ ಹಾಕೂಕೆ ಆಗ್ತದಾ ಅಕ್ಕೋರೆ?”

“ಆಗ್ತದೆ. ನೀವು ಒಪ್ಪಿದ್ರೆ. ಕೊನೆಯ ಸಲ ಯಾವತ್ತು ಜೀವಂತ ಕಂಡದ್ದು ಅಂತ ಬರೀಬೇಕು, ಅಷ್ಟೇ.” ಅವರೂ ಕಣ್ಣೊರೆಸಿಕೊಂಡರು. “ಇವತ್ತು ಅಂತ ಬರೀತೇನೆ. ನಾನೇ ಕಂಡೆ.”

ಅತ್ತೆ ಮನೆಯೊಳಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಪ್ರಗತಿ ಮಾಡಿಟ್ಟ ಸಾರು ಬಡಿಸಿಕೊಂಡು ಉಂಡರು. ಕೈ ತೊಳೆದ ಮೇಲೆ ಮಾತು ಹೊರಟಿತು.

“ನಿನ್ನ ಆಯಿ ನನಗೆ ಮೋಸ ಮಾಡಿದಳು. ಅದನ್ನ ನಾನು ಮರೆಯೂದಿಲ್ಲ.”

“ಹೌದತ್ತೆ.”

“ಅದು ಹೋಗಲಿ. ಇರೋ ಮಗಳನ್ನು ಸತ್ತಳು ಅಂದಳಲ್ಲ, ಅವಳಿಗೆ ನಾಲಗೆ ಹೇಗೆ ಹೊರಳಿತು?” ಅವರ ಸಿಟ್ಟೆಲ್ಲ ಈ ಮಾತಿನಲ್ಲಿ ಬಂದು ಕೂತ ಹಾಗಿತ್ತು. “ರೋಷನನಿಗೆ ನೀನೇ ಹೇಳು. ನಾನು ಹೇಳೂದಿಲ್ಲ. ಅವನು ಎಂತ ಹೇಳ್ತಾನೋ ನಂಗೊತ್ತಿಲ್ಲ, ಹೊಣೆ ನಂದಲ್ಲ.”

ಬೆಳಿಗ್ಗೆ ದುರ್ಗಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅಂಗಳದಲ್ಲಿ ನಿಂತಿದ್ದ. ಚೀಲ ಹಿಡಿದ ರೂಪಾ ಪಕ್ಕದಲ್ಲಿದ್ದಳು. ಅವನು ಅತ್ತೆಯನ್ನೇ ನೋಡುತ್ತ ಹೇಳಿದ: “ಮಂಗಳೂರಿಗೆ ಹೊರಟೆ. ಆಸ್ಪತ್ರೆಯಲ್ಲಿ ಎಲ್ಲಿ ಹೋಗೂದು, ಎಂತ ಕೇಳೂದು, ನಂಗೆ ಒಂದೂ ತಿಳಿಯೂದಿಲ್ಲ. ಪ್ರಗತಿಯನ್ನ ಕಳಿಸಿದ್ರೆ...”

“ಅವಳಿಗೆ ಬಾಯಿ ಇಲ್ವಾ? ಅವಳನ್ನೇ ಕೇಳು,” ಎಂದರು ಅತ್ತೆ. ಸಂದೇಶನನ್ನು ಸೊಂಟದಲ್ಲಿ ಸರಿಮಾಡಿಕೊಂಡು ಒಳಗೆ ಹೋದರು. ಒಳಗಿಂದಲೇ ಕೂಗಿದರು, “ನಾಳೆ ರಾತ್ರಿ ಒಳಗೆ ಬಾ. ಇವನು ನನ್ನ ಹತ್ತಿರ ಮಲಗೂದಿಲ್ಲ.”

ಹೊರಡುವ ಮೊದಲು ಪ್ರಗತಿ ರೋಷನನಿಗೆ ಫೋನ್ ಹಚ್ಚಿದಳು. ಬೋಟು ಇನ್ನೂ ಸಿಗ್ನಲ್ ಇಲ್ಲದಲ್ಲಿತ್ತು.

ಬಸ್ಸು ಕಾಳಿ ನದಿಯ ಸೇತುವೆ ಹತ್ತಿತು. ಮುರಿದು ಬಿದ್ದ ಹಳೆ ಸೇತುವೆಯ ಕಂಬಗಳ ಆಚೆ ಸಮುದ್ರ ಬೆಳ್ಳಗೆ ಕಾಣುತ್ತಿತ್ತು. ಬೋಟುಗಳು ಒಂದೊಂದೇ ಒಳಗೆ ಬರುತ್ತಿದ್ದವು. ರೋಷನನದ್ದು ಅವುಗಳಲ್ಲಿ ಇರಲಿಲ್ಲ. ಪ್ರಗತಿ ಕತ್ತು ತಿರುಗಿಸಿ ಅತ್ತಲೇ ನೋಡಿದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿ ನೋಡಿದಳು, ಸರಿಹೋಗಲಿಲ್ಲ. ಪುನಃ ಮೊದಲಿನಿಂದ ಸುರುಮಾಡಿದಳು.

“ವೈನಿ,” ಪಕ್ಕದಲ್ಲಿ ಕೂತ ರೂಪಾ ಪಿಸುಗುಟ್ಟಿದಳು, “ಕೂದಲು ಹೋಗ್ತದಾ?”

“ಹೋಗ್ತದೆ.”

“ಎಲ್ಲಾ?”

“ಎಲ್ಲಾ. ಹುಬ್ಬೂ ಹೋಗ್ತದೆ.”

ರೂಪಾ ತನ್ನ ಹುಬ್ಬನ್ನು ಬೆರಳಿನಿಂದ ಸವರಿಕೊಂಡಳು. ಮುಂದಿನ ಸೀಟಿನಲ್ಲಿ ದುರ್ಗಪ್ಪ ತಿರುಗಿ ನೋಡದಿದ್ದರೂ ಕಿವಿಯೆಲ್ಲ ಇತ್ತಲೇ ಇತ್ತು. ಪ್ರಗತಿ ಸೊಂಟದವರೆಗೆ ಇಳಿದಿದ್ದ ತನ್ನ ಜಡೆಯನ್ನು ಮುಂದಕ್ಕೆ ಎಳೆದು ಹುಡುಗಿಯ ಮಡಿಲಿಗೆ ಹಾಕಿದಳು. ರೂಪಾ ಅದನ್ನು ಕೈಯಲ್ಲಿ ಎತ್ತಿ ಭಾರ ನೋಡಿದಳು. ಬಸ್ಸು ಬದಲಿಸಲು ಕಾರವಾರದಲ್ಲಿ ಇಳಿಯುವವರೆಗೂ ಬಿಡಲಿಲ್ಲ.